ಅಮೆರಿಕದ ಸ್ವಾತಂತ್ರ್ಯ ಯುದ್ಧಕಾಲದ (1775–83) ಅಸಲಿ ಪತ್ರಿಕೆಗಳು: ಕೊಳ್ಳುವ ಮುನ್ನ ಏನು ನೋಡಬೇಕು?

#1 ಮೂಲಪ್ರತಿ

ಹರಾಜು ಪಟ್ಟಿಗಳಲ್ಲಿ 1775–83ರ ಪತ್ರಿಕೆಗಳು ಆಗಾಗ ಕಾಣುತ್ತವೆ. ಒಂದೇ ತಿಂಗಳಿನ ಎರಡು ಸಂಚಿಕೆಗಳ ಬೆಲೆಯಲ್ಲಿ ಹತ್ತು ಪಟ್ಟು ಅಂತರ ಇರುತ್ತದೆ, ಕಾರಣ ಮಾತ್ರ ವಿವರಣೆಯಲ್ಲಿ ಸಿಗುವುದಿಲ್ಲ. ಮೂರು ಪ್ರಶ್ನೆ. ಅಸಲು ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಲಂಡನ್ನಿನಲ್ಲಿ ಅಚ್ಚಾದದ್ದು ಕೊಳ್ಳಬೇಕೋ, ಅಮೆರಿಕದಲ್ಲಿ ಅಚ್ಚಾದದ್ದೋ? ಕೊಂಡ ಮೇಲೆ ಇಡುವುದು ಹೇಗೆ?

#2 ಚಿಂದಿಕಾಗದ

ಮೊದಲನೆಯದಕ್ಕೆ ಉತ್ತರ ಕಾಗದದಲ್ಲೇ ಇದೆ. ಆ ಕಾಲದ ಕಾಗದ ನಾರುಬಟ್ಟೆ, ಹತ್ತಿಬಟ್ಟೆಯ ಚಿಂದಿಯಿಂದ ಕೈಯಲ್ಲಿ ಎತ್ತಿದ್ದು. ಮರದ ತಿರುಳಿನ ಕಾಗದ ಪತ್ರಿಕೆಗಳಿಗೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಹಾಗಾಗಿ 1776ರ ಹಾಳೆ 1910ರ ಹಾಳೆಗಿಂತ ಬೆಳ್ಳಗೂ ಮೆತ್ತಗೂ ಇರುತ್ತದೆ. ಹೊಸಬರು ಎಡವುವುದು ಇಲ್ಲೇ. ಹಳೆಯದು ಅಂದರೆ ಕಂದು ಬಣ್ಣಕ್ಕೆ ತಿರುಗಿ, ಮಡಿಚಿದರೆ ಹಪ್ಪಳದಂತೆ ಮುರಿಯಬೇಕು ಅಂದುಕೊಳ್ಳುತ್ತಾರೆ. ನಿಜವಾಗಿ ಹಾಳೆಯಿಡೀ ಒಂದೇ ಸಮ ಕಂದಾಗಿದ್ದು, ಮೂಲೆ ಮುಟ್ಟಿದರೆ ಉದುರುತ್ತಿದ್ದರೆ ಅದನ್ನು ಮೊದಲು ಅನುಮಾನಿಸಬೇಕು.

ಹಾಳೆಯನ್ನು ಬೆಳಕಿಗೆ ಎದುರಾಗಿ ಹಿಡಿಯಿರಿ. ಕಾಗದ ಎತ್ತುವ ಜಾಲರಿಯ ತಂತಿಗಳ ಗುರುತು ಎರಡು ಬಗೆಯಲ್ಲಿ ಕಾಣಬೇಕು: ಒತ್ತೊತ್ತಾಗಿ ಸಣ್ಣ ಗೆರೆಗಳು, ಅವಕ್ಕೆ ಅಡ್ಡಲಾಗಿ ಸುಮಾರು 25 ಮಿ.ಮೀ. ಅಂತರದಲ್ಲಿ ಸರಪಳಿ ಗೆರೆಗಳು. ಒಂದು ಹಾಳೆಯನ್ನು ಒಮ್ಮೆ ಮಡಿಚಿ ನಾಲ್ಕು ಪುಟ ಮಾಡಿದ ಪತ್ರಿಕೆಯಲ್ಲಿ ಸರಪಳಿ ಗೆರೆಗಳು ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಹೋಗುತ್ತವೆ, ವಾಟರ್‌ಮಾರ್ಕ್ ಇದ್ದರೆ ಒಂದು ಎಲೆಯ (ಎರಡು ಬದಿ, ಎರಡು ಪುಟ) ನಡುವೆ ಕಾಣುತ್ತದೆ. ಎರಡು ಬಾರಿ ಮಡಿಚಿದ ಸಣ್ಣ ಗಾತ್ರದಲ್ಲಿ ಗೆರೆಗಳು ಅಡ್ಡಕ್ಕೆ ಬರುತ್ತವೆ, ವಾಟರ್‌ಮಾರ್ಕ್ ಮಡಿಕೆಯೊಳಗೆ ಸೇರಿಹೋಗಿರುತ್ತದೆ. ಗೆರೆಯೇ ಇಲ್ಲದ ನುಣುಪು ಕಾಗದ 1757ರಿಂದ ಪುಸ್ತಕಗಳಲ್ಲಿ ಇದ್ದರೂ ಯುದ್ಧಕಾಲದ ಪತ್ರಿಕೆಗೆ ಅದು ಅಪರೂಪ. ಅಂಥದ್ದು ಎದುರಾದರೆ ಕೈ ಹಿಂದೆ ತೆಗೆಯಿರಿ.

#3 ಅಚ್ಚುಮೊಳೆ

ಕಾಗದವೊಂದನ್ನೇ ನಂಬಿದರೆ ಮೋಸಹೋಗುತ್ತೀರಿ. ಹಳೆಯ ಪುಸ್ತಕಗಳ ಖಾಲಿ ಹಾಳೆ ಕಿತ್ತು ಅದರ ಮೇಲೆ ಅಚ್ಚು ಹಾಕುವುದು ಅಸಾಧ್ಯವೇನಲ್ಲ. ಅಚ್ಚನ್ನೂ ನೋಡಿ.

ಕತ್ತಲ ಕೋಣೆಯಲ್ಲಿ ಟಾರ್ಚನ್ನು ಹಾಳೆಗೆ ಮಟ್ಟವಾಗಿ, ಪಕ್ಕದಿಂದ ಬಿಡಿ. ಮರದ ಕೈಮುದ್ರಣ ಯಂತ್ರದಲ್ಲಿ ಒದ್ದೆ ಮಾಡಿದ ಕಾಗದವನ್ನು ಅಚ್ಚಿನ ಮೊಳೆಗಳ (ಲೋಹದ ಬಿಡಿ ಅಕ್ಷರಗಳ) ಮೇಲೆ ಒತ್ತುತ್ತಿದ್ದರು. ಆದ್ದರಿಂದ ಅಕ್ಷರ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ, ಹಿಂಬದಿಯಲ್ಲಿ ಉಬ್ಬು ಕಾಣುತ್ತದೆ, ಬೆರಳಿಗೂ ತಾಗುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚಿನಲ್ಲಿ ಮಸಿ ಹಿಸುಕಿದ ದಟ್ಟ ಗೆರೆ ಇರುತ್ತದೆ. ಕಲ್ಲಚ್ಚು ಅಥವಾ ಆಫ್‌ಸೆಟ್ ಪ್ರತಿಯಲ್ಲಿ ಎಲ್ಲವೂ ಚಪ್ಪಟೆ. ಮೂಲದ ಕೊಳೆ, ಮಡಿಕೆಯ ನೆರಳು, ಹರಿದ ಅಂಚು ಎಲ್ಲವೂ ಅದೇ ಮಸಿಯಲ್ಲಿ ಅಚ್ಚಾಗಿಬಿಟ್ಟಿರುತ್ತವೆ. "ಹರಿದ ಜಾಗ" ಬೆರಳಿಗೆ ಸಿಗದಿದ್ದರೆ ಅದು ಹರಿದದ್ದರ ಚಿತ್ರ, ಅಷ್ಟೆ.

ಎಫ್‌ನಂತೆ ಕಾಣುವ ಉದ್ದ ಎಸ್, ಪುಟದ ಬುಡದಲ್ಲಿ ಮುಂದಿನ ಪುಟದ ಮೊದಲ ಪದ, ನಾಲ್ಕನೇ ಪುಟದ ಕೊನೆಯಲ್ಲಿ ಮುದ್ರಕನ ಹೆಸರು ಮತ್ತು ಊರು: ಇವು ಆ ಕಾಲದಲ್ಲಿ ಸಾಮಾನ್ಯ. ಆದರೆ ಫೋಟೊ ಪ್ರತಿಯಲ್ಲೂ ಇವು ಹಾಗೇ ಬರುವುದರಿಂದ ಪುರಾವೆ ಅಂತ ಎಣಿಸುವ ಹಾಗಿಲ್ಲ.

#4 ಮೂಲಪ್ರತಿ

ಎರಡೂ ಉಪಯುಕ್ತ. ನೇರಳಾತೀತ ದೀಪ ಕೆಲಸಕ್ಕೆ ಬರುತ್ತದೆಯೇ?

#5 ಚಿಂದಿಕಾಗದ

ನಕಲು ಹಿಡಿಯಲು ಮಾತ್ರ, ಅಸಲು ಎನ್ನಲು ಅಲ್ಲ. 365 ನ್ಯಾನೊಮೀಟರ್ ದೀಪದಡಿ ಹಾಳೆ ನೀಲಿಬಿಳುಪಾಗಿ ಝಗ್ಗೆಂದರೆ ಅದರಲ್ಲಿ ಬೆಳಗುಕಾರಕ ರಾಸಾಯನಿಕ ಇದೆ, ಅಂದರೆ 20ನೇ ಶತಮಾನದ ಮಧ್ಯದ ನಂತರದ ಕಾಗದ. ಮಾತು ಮುಗಿಯಿತು. ಝಗ್ಗೆನ್ನದಿದ್ದರೆ ಏನೂ ಸಾಬೀತಾಗುವುದಿಲ್ಲ, 1876ರ ಶತಮಾನೋತ್ಸವದ ಮರುಮುದ್ರಣವೂ ಮಂಕಾಗಿಯೇ ಇರುತ್ತದೆ. ಮರದ ತಿರುಳನ್ನು ಕೆಂಪಾಗಿಸುವ ಫ್ಲೋರೊಗ್ಲುಸಿನಾಲ್ ಹನಿಯನ್ನು ಹಾಳೆಯ ಮೇಲೆ ಹಾಕಲೇಬೇಡಿ, ಕಲೆ ಉಳಿಯುತ್ತದೆ. ಅಂಚಿನಿಂದ ಬಿದ್ದ ಒಂದು ಎಳೆ ನಾರು ಸಾಕು.

#6 ತಾರೀಖುದಾರ

ನಕಲುಗಳ ಬಗ್ಗೆ ಇನ್ನೊಂದು ಮಾತು. ಮರುಮುದ್ರಣ ಯಾವ ಸಂಚಿಕೆಗೆ ಬೇಕಾದರೂ ಆಗುವುದಿಲ್ಲ, ಹೆಸರಾದ ಕೆಲವೇ ಸಂಚಿಕೆಗಳು ಮತ್ತೆ ಮತ್ತೆ ಅಚ್ಚಾಗಿವೆ. ಅವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ:

ಬಾಸ್ಟನ್ ಗೆಜೆಟ್, 12 ಮಾರ್ಚ್ 1770. ಬಾಸ್ಟನ್ ಹತ್ಯಾಕಾಂಡದ (ಬ್ರಿಟಿಷ್ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿದ ಘಟನೆ) ವರದಿ. ದಪ್ಪ ಕಪ್ಪು ಶೋಕಗೆರೆ, ಮೃತರ ಹೆಸರಿನ ಮೊದಲಕ್ಷರ ಇರುವ ನಾಲ್ಕು ಶವಪೆಟ್ಟಿಗೆಗಳ ಚಿತ್ರ. ಐದನೆಯವನು ಸತ್ತದ್ದು 14ರಂದು, ಹಾಗಾಗಿ ಈ ಸಂಚಿಕೆಯಲ್ಲಿ ಅವನ ಪೆಟ್ಟಿಗೆ ಇರಲು ಸಾಧ್ಯವೇ ಇಲ್ಲ.

ಪೆನ್ಸಿಲ್ವೇನಿಯಾ ಜರ್ನಲ್, 31 ಅಕ್ಟೋಬರ್ 1765. ಸ್ಟ್ಯಾಂಪ್ ಕಾಯ್ದೆ (ವಸಾಹತುಗಳ ಪತ್ರಿಕೆ, ಕಾಗದಪತ್ರಗಳ ಮೇಲೆ ಬ್ರಿಟನ್ ಹಾಕಿದ ತೆರಿಗೆ) ಜಾರಿಯಾಗುವ ಹಿಂದಿನ ದಿನ ಸಮಾಧಿಕಲ್ಲಿನ ಆಕಾರದಲ್ಲಿ ಬಂದದ್ದು.

ಮ್ಯಾಸಚೂಸೆಟ್ಸ್ ಸ್ಪೈ, 3 ಮೇ 1775. ಮುದ್ರಕ ಐಸಾಯಾ ಥಾಮಸ್ ತನ್ನ ಮುದ್ರಣ ಯಂತ್ರವನ್ನು ಬಾಸ್ಟನ್ನಿನಿಂದ ವುಸ್ಟರ್‌ಗೆ ಸಾಗಿಸಿದ ಮೇಲೆ ಅಲ್ಲಿ ಅಚ್ಚಾದ ಮೊದಲ ಸಂಚಿಕೆ.

ಯುದ್ಧಕ್ಕೆ ಸೇರದಿದ್ದರೂ ಅಲ್‌ಸ್ಟರ್ ಕೌಂಟಿ ಗೆಜೆಟ್, 4 ಜನವರಿ 1800 ಪಟ್ಟಿಯಲ್ಲಿರಲಿ. ವಾಷಿಂಗ್ಟನ್ ನಿಧನದ ಸುದ್ದಿಯಿರುವ ಈ ಸಂಚಿಕೆಯ ಮರುಮುದ್ರಣಗಳು 19ನೇ ಶತಮಾನದಲ್ಲೇ ಬಗೆಬಗೆಯಾಗಿ ಬಂದಿವೆ. ಅವು ಈಗ ನಿಜಕ್ಕೂ ಹಳೆಯವು, ಮೊಳೆ ಜೋಡಿಸಿಯೇ ಅಚ್ಚು ಹಾಕಿದವು. #3ರ ಟಾರ್ಚ್ ಪರೀಕ್ಷೆಯಲ್ಲಿ ಪಾಸಾಗುತ್ತವೆ.

ಇಂಥವು ಎದುರಾದರೆ ಗ್ರಂಥಾಲಯದ ಪ್ರತಿಯ ಸ್ಕ್ಯಾನ್ ಪಕ್ಕದಲ್ಲಿಟ್ಟು ಸಾಲುಸಾಲು ಹೋಲಿಸಿ: ಸಾಲು ಎಲ್ಲಿ ಮುರಿಯುತ್ತದೆ, ಯಾವ ಮೊಳೆ ಒಡೆದಿದೆ, ಶೀರ್ಷಿಕೆಯ ಚಿತ್ರದಲ್ಲಿ ಬಿರುಕು ಎಲ್ಲಿದೆ. ಅಂಕಣದ ಅಗಲ ಮತ್ತು ಎತ್ತರವನ್ನು ಮಿ.ಮೀ. ಲೆಕ್ಕದಲ್ಲಿ ಅಳೆದು ಗ್ರಂಥಾಲಯದಿಂದ ಅದೇ ಅಳತೆ ಕೇಳಿ. ಕಾಗದ ಹಿಗ್ಗಿ ಕುಗ್ಗುವುದರಿಂದ ಒಂದೆರಡು ಮಿ.ಮೀ. ವ್ಯತ್ಯಾಸ ಸಹಜ. ಫೋಟೊ ಪ್ರತಿಗಳಲ್ಲಿ ಗಾತ್ರ ಎಷ್ಟೋ ಸಲ ಇದಕ್ಕಿಂತ ಹೆಚ್ಚು ತಪ್ಪಿರುತ್ತದೆ.

#7 ಕೆಂಪುಮುದ್ರೆ

ಲಂಡನ್ ಪತ್ರಿಕೆಗಳಿಗೆ ಇನ್ನೊಂದು ಗುರುತು ಉಂಟು, ಯಾರೂ ಹೇಳಲಿಲ್ಲ. ಬ್ರಿಟನ್ನಿನಲ್ಲಿ ಪತ್ರಿಕೆಗೆ ಸ್ಟ್ಯಾಂಪ್ ತೆರಿಗೆ ಇತ್ತು: 1757ರಿಂದ 1 ಪೆನ್ನಿ, 1776ರಿಂದ ಒಂದೂವರೆ ಪೆನ್ನಿ. ಹಾಳೆಯ ಅಂಚಿನಲ್ಲಿ ಕೆಂಪು ಮಸಿಯ ಮುದ್ರೆ ಕಾಣುತ್ತದೆ. ಖಾಲಿ ಹಾಳೆಗೆ ಮೊದಲು ಮುದ್ರೆ ಬೀಳುತ್ತಿತ್ತು, ಸುದ್ದಿ ಅಚ್ಚಾಗುತ್ತಿದ್ದದ್ದು ಆಮೇಲೆ. ಹಾಗಾಗಿ ಎರಡೂ ಒಂದರ ಮೇಲೊಂದು ಬಿದ್ದ ಕಡೆ ಕಪ್ಪು ಮಸಿ ಮೇಲಿರಬೇಕು. ಕೆಂಪು ಮೇಲಿದ್ದರೆ ಯಾರೋ ಆಮೇಲೆ ಒತ್ತಿದ್ದು.

ಮುದ್ರೆ ಹಾಳೆಗೆ ಒಂದೇ. ಲಂಡನ್ ಕ್ರಾನಿಕಲ್ ಎಂಟು ಪುಟದ ಸಣ್ಣ ಗಾತ್ರದ ಪತ್ರಿಕೆ, ನಾಲ್ಕು ಎಲೆಗಳಲ್ಲಿ ಒಂದರಲ್ಲಷ್ಟೇ ಮುದ್ರೆ ಸಿಗುತ್ತದೆ. ಉಳಿದ ಮೂರರಲ್ಲಿ ಇಲ್ಲವೆಂದು ಗಾಬರಿ ಬೀಳಬೇಡಿ. ಜೆಂಟಲ್‌ಮನ್ಸ್ ಮ್ಯಾಗಜೀನ್‌ನಂಥ ಮಾಸಪತ್ರಿಕೆಗಳಿಗೆ ಈ ಮುದ್ರೆ ಇಲ್ಲ.

ಅಮೆರಿಕದಲ್ಲಿ ಅಚ್ಚಾದ ಯುದ್ಧಕಾಲದ ಪತ್ರಿಕೆಯಲ್ಲಿ ಮುದ್ರೆ ಇರಬಾರದು. ಜಗಳ ಶುರುವಾದದ್ದೇ ಅದರಿಂದ ಅಲ್ಲವೇ! (ಮ್ಯಾಸಚೂಸೆಟ್ಸ್ 1755–57ರಲ್ಲಿ, ನ್ಯೂಯಾರ್ಕ್ 1757–60ರಲ್ಲಿ ತಮ್ಮದೇ ಶಾಸನಸಭೆಗಳ ಮೂಲಕ ಇಂಥ ತೆರಿಗೆ ಹಾಕಿಕೊಂಡಿದ್ದವು. ಆ ಮುದ್ರೆಯಿರುವ ಪತ್ರಿಕೆ ಬೇರೆಯೇ ಸಂಗ್ರಹ.)

#8 ತಾರೀಖುದಾರ

ಈಗ ಬೆಲೆಯ ಅಂತರಕ್ಕೆ ಬರುತ್ತೇನೆ. ಮುಖಪುಟದ ತಾರೀಖಿಗೆ ದುಡ್ಡು ಕೊಡಬೇಡಿ, ಒಳಗಿನ ಸುದ್ದಿಗೆ ಕೊಡಿ. ಸುದ್ದಿ ಕುದುರೆ ಮೇಲೆ, ಹಡಗಿನ ಮೇಲೆ ಹೋಗುತ್ತಿದ್ದ ಕಾಲ ಅದು.

ಲೆಕ್ಸಿಂಗ್ಟನ್ ಕಾಳಗ ನಡೆದದ್ದು 19 ಏಪ್ರಿಲ್ 1775, ಬುಧವಾರ. ಪೆನ್ಸಿಲ್ವೇನಿಯಾ ಗೆಜೆಟ್ ಬುಧವಾರದ ಪತ್ರಿಕೆ, ಅದೇ ತಾರೀಖಿನ ಸಂಚಿಕೆ ಇದೆ. ಅದರಲ್ಲಿ ಕಾಳಗದ ಒಂದು ಅಕ್ಷರವೂ ಇಲ್ಲ, ಇರುವಂತೆಯೂ ಇಲ್ಲ. ಫಿಲಡೆಲ್ಫಿಯಾಕ್ಕೆ ಸುದ್ದಿ ಮುಟ್ಟಿದ್ದು 24ರ ಸಂಜೆ. ಆದರೂ "ಯುದ್ಧ ಆರಂಭವಾದ ದಿನದ ಪತ್ರಿಕೆ" ಎಂದು ಬಣ್ಣಿಸಿ ಮಾರಿದರೆ ಅದು ಸುಳ್ಳೂ ಅಲ್ಲ, ಕೊಳ್ಳುವವನ ಕೈಗೆ ಮಾತ್ರ ಏನೂ ಸಿಗುವುದಿಲ್ಲ. ಲಂಡನ್ನಿಗೆ ಆ ಸುದ್ದಿ ತಲುಪಿದ್ದು ಮೇ ಕೊನೆಯಲ್ಲಿ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಶರಣಾದ ಸುದ್ದಿ ಲಂಡನ್ ಸೇರಿದ್ದು ನವೆಂಬರ್ 25ಕ್ಕೆ. ಲಂಡನ್ ಪತ್ರಿಕೆ ಹುಡುಕುವವರು ಘಟನೆಯ ತಾರೀಖಿಗೆ ಐದರಿಂದ ಎಂಟು ವಾರ ಕೂಡಿಸಿಕೊಂಡು ಹುಡುಕಬೇಕು.

ಸ್ವಾತಂತ್ರ್ಯ ಘೋಷಣೆಗೂ ಅಷ್ಟೆ, 4 ಜುಲೈ 1776ರ ತಾರೀಖಿಗೆ ಬೆಲೆಯಿಲ್ಲ. ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಟೌನ್ ಹೊರಡಿಸುತ್ತಿದ್ದ ಪೆನ್ಸಿಲ್ವೇನಿಯಾ ಈವ್ನಿಂಗ್ ಪೋಸ್ಟ್ ವಾರಕ್ಕೆ ಮೂರು ಸಲ ಬರುತ್ತಿತ್ತು. ಕಾಂಗ್ರೆಸ್ (ವಸಾಹತುಗಳ ಪ್ರತಿನಿಧಿಗಳ ಸಭೆ) ಸ್ವಾತಂತ್ರ್ಯ ಸಾರಿತೆಂಬ ಪುಟ್ಟ ಸುದ್ದಿ ಜುಲೈ 2ರ ಸಂಚಿಕೆಯಲ್ಲೇ ಇದೆ. ಘೋಷಣೆಯ ಪೂರ್ಣ ಪಠ್ಯ ಪತ್ರಿಕೆಯೊಂದರಲ್ಲಿ ಮೊದಲು ಬಂದದ್ದು ಅದೇ ಪತ್ರಿಕೆಯ ಜುಲೈ 6, ಶನಿವಾರದ ಸಂಚಿಕೆಯಲ್ಲಿ. ಅದರ ಒಂದು ಪ್ರತಿ 2013ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 6,32,500 ಡಾಲರ್‌ಗೆ ಹೋಯಿತು. ಆಮೇಲೆ ಜುಲೈ 8ಕ್ಕೆ ಡನ್‌ಲ್ಯಾಪ್‌ನ ಪೆನ್ಸಿಲ್ವೇನಿಯಾ ಪ್ಯಾಕೆಟ್, 10ಕ್ಕೆ ಪೆನ್ಸಿಲ್ವೇನಿಯಾ ಗೆಜೆಟ್. ಲಂಡನ್ನಿನಲ್ಲಿ ಆಗಸ್ಟ್ ಮಧ್ಯಕ್ಕೆ.

ತಾರೀಖು ಮತ್ತು ವಾರ ಹೊಂದುತ್ತವೆಯೇ ಎಂದೂ ಲೆಕ್ಕ ಹಾಕಿ. ಶೀರ್ಷಿಕೆಯಲ್ಲಿ ವಾರ ಅಚ್ಚಾಗಿರುತ್ತದೆ.

#9 ಅಚ್ಚುಮೊಳೆ

ಇದಕ್ಕೆ ಸೇರಿಸಿ: ಸುದ್ದಿಯನ್ನು ಮೊದಲ ಪುಟದಲ್ಲಿ ಹುಡುಕಬೇಡಿ. ನಾಲ್ಕು ಪುಟದ ವಾರಪತ್ರಿಕೆಯಲ್ಲಿ 1 ಮತ್ತು 4ನೇ ಪುಟಗಳು ಹಾಳೆಯ ಒಂದೇ ಬದಿ, ಅವು ಸಾಮಾನ್ಯವಾಗಿ ಮೊದಲು ಅಚ್ಚಾಗುತ್ತಿದ್ದವು: ಜಾಹೀರಾತು, ಪತ್ರ, ವಿದೇಶದ ಹಳಸಲು ಸುದ್ದಿ. 2 ಮತ್ತು 3ನೇ ಪುಟಗಳನ್ನು ಕೊನೆಯ ಗಳಿಗೆಯವರೆಗೆ ತೆರೆದಿಡುತ್ತಿದ್ದರು. ತಾಜಾ ಸುದ್ದಿ ಅಲ್ಲಿರುತ್ತದೆ, ಅದೂ ದಪ್ಪ ತಲೆಬರಹವಿಲ್ಲದೆ, ಬರೀ ಊರು ಮತ್ತು ತಾರೀಖಿನ ಕೆಳಗೆ. ಪತ್ರಿಕೆ ಅಚ್ಚಾದ ಊರಿನ ಹೆಸರನ್ನೇ 2–3ನೇ ಪುಟಗಳಲ್ಲಿ ಹುಡುಕಿ, ಅದರ ಕೆಳಗಿನದೇ ಅತ್ಯಂತ ಹೊಸದು.

ಮಾರುವವನು ಮುಖಪುಟದ ಚಿತ್ರವೊಂದನ್ನೇ ಹಾಕಿದ್ದರೆ ಒಳಪುಟಗಳ ಚಿತ್ರ ಕೇಳಿ ಪಡೆಯಿರಿ. ಕೊಡದಿದ್ದರೆ ಬಿಡಿ.

#10 ಮೂಲಪ್ರತಿ

ಹಾಗಾದರೆ ಲಂಡನ್ ಪತ್ರಿಕೆ ಎರಡನೇ ದರ್ಜೆಯೇ?

#11 ಕೆಂಪುಮುದ್ರೆ

ಬೆಲೆಯಲ್ಲಿ ಹೌದು, ಓದಿನಲ್ಲಿ ಅಲ್ಲ. ಅಮೆರಿಕದ ಸುದ್ದಿಯಿರುವ ಲಂಡನ್ ಸಂಚಿಕೆ ಹತ್ತಾರು ಡಾಲರ್‌ಗಳಿಂದ ಕೆಲವು ನೂರರವರೆಗೆ ಸಿಗುತ್ತದೆ. ಅಮೆರಿಕದಲ್ಲೇ ಅಚ್ಚಾದದ್ದು ನೂರಾರಿನಿಂದ ಶುರುವಾಗಿ, ದೊಡ್ಡ ಕಾಳಗದ ವರದಿಯಿದ್ದರೆ ಸಾವಿರಗಳಿಗೆ ಏರುತ್ತದೆ. ಲಂಡನ್ ಗೆಜೆಟ್ ಸರ್ಕಾರದ ಪತ್ರಿಕೆ, ಸೇನಾಧಿಪತಿಗಳ ಪತ್ರಗಳು ಅದರಲ್ಲಿ ಬರುತ್ತವೆ. ಎದುರಾಳಿ ಏನು ಒಪ್ಪಿಕೊಂಡ, ಏನು ಮುಚ್ಚಿಟ್ಟ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಕಡಿಮೆ. ಶುರುಮಾಡುವವರಿಗೆ ನನ್ನ ಸಲಹೆ: 1776ರ ಆಗಸ್ಟ್ ಜೆಂಟಲ್‌ಮನ್ಸ್ ಮ್ಯಾಗಜೀನ್ (ಘೋಷಣೆಯ ಪಠ್ಯ ಇದೆ), ಆಮೇಲೆ ಒಂದೆರಡು ಲಂಡನ್ ಕ್ರಾನಿಕಲ್. ಕೈ ಪಳಗಿದ ಮೇಲೆ ಅಮೆರಿಕದ್ದು.

#12 ತಾರೀಖುದಾರ

ಒಪ್ಪುವುದಿಲ್ಲ. ಹತ್ತು ಲಂಡನ್ ಸಂಚಿಕೆಗೆ ಸುರಿಯುವ ದುಡ್ಡಿಗೆ ಒಂದು ಅಮೆರಿಕನ್ ಸಂಚಿಕೆ ಬರುತ್ತದೆ. ಯುದ್ಧ ನಡೆದ ಊರಿನ ಕಾಗದ, ಅಲ್ಲಿನ ಮಸಿ, ಅಲ್ಲಿನ ಜಾಹೀರಾತು. ಯುದ್ಧ ಶುರುವಾದಾಗ ಹದಿಮೂರು ವಸಾಹತುಗಳಲ್ಲಿ ಇದ್ದದ್ದೇ ಸುಮಾರು 37 ಪತ್ರಿಕೆ, ಯುದ್ಧ ಮುಗಿಯುವಷ್ಟರಲ್ಲಿ ಅವುಗಳಲ್ಲಿ ಅನೇಕ ನಿಂತುಹೋದವು. ಕಾಳಗದ ಸುದ್ದಿಯಿಲ್ಲದ ಸಾಧಾರಣ ವಾರದ ಸಂಚಿಕೆಯಲ್ಲೂ ಓಡಿಹೋದ ಸೈನಿಕನನ್ನು ಹಿಡಿದುಕೊಟ್ಟರೆ ಬಹುಮಾನ, ಚಿಂದಿಬಟ್ಟೆ ಬೇಕಾಗಿದೆ, ಉಪ್ಪು ಬಂದಿದೆ ಅಂತ ಸಿಗುತ್ತದೆ. ಲಂಡನ್ನಿನಲ್ಲಿ ಕೂತು ಬರೆದದ್ದರಲ್ಲಿ ಅದು ಎಲ್ಲಿಂದ ಬರಬೇಕು?

#13 ಚಿಂದಿಕಾಗದ

ಚಿಂದಿಬಟ್ಟೆಯ ಜಾಹೀರಾತಿನಿಂದ ಕಾಗದದ ಗುಣವೂ ತಿಳಿಯುತ್ತದೆ. ಬ್ರಿಟನ್ನಿನಿಂದ ಕಾಗದ ಬರುವುದು ನಿಂತಾಗ ಊರಿನ ಗಿರಣಿಗಳೇ ಗತಿ, ಗಿರಣಿಗೆ ಚಿಂದಿ ಸಾಲದು. ಅದಕ್ಕೇ ಯುದ್ಧಕಾಲದ ಅಮೆರಿಕನ್ ಪತ್ರಿಕೆ ಒರಟು, ಬೂದುಬಣ್ಣ, ಅಲ್ಲಲ್ಲಿ ನಾರಿನ ಗಂಟು, ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು. ಗಾತ್ರವೂ ವಾರದಿಂದ ವಾರಕ್ಕೆ ಬದಲಾಗುತ್ತದೆ, ಕೆಲವು ವಾರ ಅರ್ಧ ಹಾಳೆ, ಎರಡೇ ಪುಟ. ಇದನ್ನು "ಅಪೂರ್ಣ" ಎಂದು ಕಡಿಮೆ ಬೆಲೆಗೆ ಮಾರುವವರಿದ್ದಾರೆ, ಅಪೂರ್ಣವಾದದ್ದನ್ನು "ಆ ವಾರ ಎರಡೇ ಪುಟ" ಎಂದು ಮಾರುವವರೂ ಇದ್ದಾರೆ. ತೀರ್ಮಾನಕ್ಕೆ ಎರಡು ದಾರಿ: ಎರಡನೇ ಪುಟದ ಬುಡದಲ್ಲಿ ಮುದ್ರಕನ ಹೆಸರಿದೆಯೇ ನೋಡುವುದು, ಗ್ರಂಥಾಲಯದ ಪ್ರತಿಯೊಡನೆ ಹೋಲಿಸುವುದು. ಕ್ಲಾರೆನ್ಸ್ ಬ್ರಿಗಮ್ 1947ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದ 1690–1820ರ ಅಮೆರಿಕನ್ ಪತ್ರಿಕೆಗಳ ಪಟ್ಟಿಯಲ್ಲಿ ಯಾವ ಗ್ರಂಥಾಲಯದಲ್ಲಿ ಯಾವ ಸಂಚಿಕೆ ಇದೆ ಎಂಬುದಿದೆ. ಐಸಾಯಾ ಥಾಮಸ್ 1812ರಲ್ಲಿ ವುಸ್ಟರ್‌ನಲ್ಲಿ ಕಟ್ಟಿದ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯಲ್ಲಿ ಇಂಥ ಪತ್ರಿಕೆಗಳ ದೊಡ್ಡ ಭಂಡಾರವೇ ಉಂಟು.

#14 ಅಚ್ಚುಮೊಳೆ

ಪತ್ರಿಕೆಯ ಹೆಸರು ನೋಡಿ ಕೊಳ್ಳಬೇಡಿ, ಮುದ್ರಕನ ಹೆಸರು ಓದಿ. 1775ರಲ್ಲಿ ವಿಲಿಯಮ್ಸ್‌ಬರ್ಗ್‌ನಲ್ಲಿ "ವರ್ಜೀನಿಯಾ ಗೆಜೆಟ್" ಹೆಸರಿನ ಮೂರು ಬೇರೆ ಬೇರೆ ಪತ್ರಿಕೆಗಳಿದ್ದವು: ಡಿಕ್ಸನ್ ಮತ್ತು ಹಂಟರ್ ಅವರದು, ಪರ್ಡಿಯದು, ಪಿಂಕ್ನಿಯದು. ಒಂದರ ಸ್ಕ್ಯಾನ್‌ಗೆ ಇನ್ನೊಂದನ್ನು ಹೋಲಿಸಿ "ಪಠ್ಯ ಬೇರೆ ಇದೆ, ನಕಲು" ಅಂದುಬಿಟ್ಟರೆ ಒಳ್ಳೆಯ ಪ್ರತಿ ಕೈತಪ್ಪುತ್ತದೆ.

ಊರೂ ಬದಲಾಗುತ್ತದೆ. ಬಾಸ್ಟನ್ ಮುತ್ತಿಗೆಯಲ್ಲಿದ್ದಾಗ ಬಾಸ್ಟನ್ ಗೆಜೆಟ್ ಅಚ್ಚಾದದ್ದು ವಾಟರ್‌ಟೌನ್‌ನಲ್ಲಿ. ಜಾನ್ ಹೋಲ್ಟ್‌ನ ನ್ಯೂಯಾರ್ಕ್ ಜರ್ನಲ್ ಕಿಂಗ್‌ಸ್ಟನ್‌ಗೆ, ಅಲ್ಲಿಂದ ಪಕೀಪ್ಸಿಗೆ ಹೋಯಿತು. ನಿಷ್ಠೆಯೂ ಬದಲಾಗುತ್ತದೆ: ಘೋಷಣೆಯನ್ನು ಮೊದಲು ಅಚ್ಚಿಸಿದ ಟೌನ್ 1777ರಲ್ಲಿ ಬ್ರಿಟಿಷರು ಫಿಲಡೆಲ್ಫಿಯಾ ಹಿಡಿದಾಗ ಅವರ ಕಡೆ ವಾಲಿ, ಅವರು ಹೊರಟ ಮೇಲೆ ಮತ್ತೆ ಈ ಕಡೆ ಬಂದ. ಗಾಳಿ ಬಂದತ್ತ ತೂರಿಕೊಂಡ ಈ ಮನುಷ್ಯನ ಸಂಚಿಕೆಗಳನ್ನು ಸಾಲಾಗಿ ಜೋಡಿಸಿದರೆ ಅದೇ ಒಂದು ಸಂಗ್ರಹ. ರಾಜನ ಪರವಾಗಿದ್ದ ರಿವಿಂಗ್ಟನ್‌ನ ರಾಯಲ್ ಗೆಜೆಟ್ ಪಕ್ಕದಲ್ಲಿದ್ದರೆ ಇನ್ನೂ ಚೆಂದ.

#15 ಗಂಜಿಅಂಟು

ಇಡುವ ವಿಷಯ ಹಾಗೇ ಉಳಿದಿದೆ.

ಇವುಗಳಲ್ಲಿ ಹೆಚ್ಚಿನವು ರಟ್ಟು ಕಟ್ಟಿದ ಸಂಪುಟಗಳಿಂದ ಬಿಡಿಸಿದವು. ಎಡ ಅಂಚಿನಲ್ಲಿ ಹೊಲಿಗೆಯ ತೂತು, ಒರಟು ಅಂಚು ಇದ್ದೇ ಇರುತ್ತದೆ, ದೋಷವಲ್ಲ. ಬದಲಿಗೆ ರಟ್ಟುಗಾರ ಉಳಿದ ಮೂರು ಬದಿ ಎಷ್ಟು ಕತ್ತರಿಸಿದ್ದಾನೆ ನೋಡಿ. ಶೀರ್ಷಿಕೆಯ ತಲೆ ಅಥವಾ ಹೊರ ಅಂಕಣದ ಅಕ್ಷರ ಹೋಗಿದ್ದರೆ ಬೆಲೆ ಬಿದ್ದುಹೋಗುತ್ತದೆ. ತಲೆಯ ಮೇಲೆ ಹಳೆಯ ಮಸಿಯಲ್ಲಿ ಚಂದಾದಾರನ ಹೆಸರಿದ್ದರೆ ಅಳಿಸಬೇಡಿ, ಅದು ಮನೆಗೆ ಹಂಚಿದ ಪ್ರತಿ ಎನ್ನುವುದಕ್ಕೆ ಗುರುತು. ಗ್ರಂಥಾಲಯದ ಠಸ್ಸೆ ಇದ್ದರೆ ಅವರು ವಿಲೇವಾರಿ ಮಾಡಿದ ದಾಖಲೆ ಕೇಳಿ. ಮೈಕ್ರೊಫಿಲ್ಮ್ ಬಂದ ಮೇಲೆ ಗ್ರಂಥಾಲಯಗಳು ಸಂಪುಟಗಳನ್ನು ಮಾರಿದ್ದುಂಟು, ಆದರೆ ಕದ್ದ ಹಾಳೆಗಳೂ ಪೇಟೆಯಲ್ಲಿ ತಿರುಗಿವೆ.

ಶುಚಿ: ಮೆತ್ತನೆ ಬ್ರಷ್, ಆಮೇಲೆ ಒಣ ರಬ್ಬರ್ ಸ್ಪಂಜು, ನಡುವಿನಿಂದ ಅಂಚಿನ ಕಡೆಗೆ. ಹರಿದ ಅಂಚಿನಲ್ಲಿ ಸ್ಪಂಜು ಬೇಡ, ಎಳೆದುಬಿಡುತ್ತದೆ. ನೀರಿಗೆ ಅದ್ದುವ ಸಾಹಸ ಮನೆಯಲ್ಲಿ ಬೇಡವೇ ಬೇಡ. ಕಾಗದಕ್ಕೆ ಬಿಗುವು ಕೊಡುವ ಜೆಲಾಟಿನ್ ಲೇಪ ಕರಗಿ ಹಾಳೆ ಬಟ್ಟೆಯಂತೆ ಜೋಲುತ್ತದೆ, ಚಂದಾದಾರನ ಹೆಸರು ಬರೆದ ಮಸಿಯೂ ಹರಡುತ್ತದೆ.

ಹರಿದದ್ದಕ್ಕೆ: ಜಪಾನಿನ ಕೋಜೊ ಕಾಗದದ 5–8 ಮಿ.ಮೀ. ಅಗಲದ ಪಟ್ಟಿ, ಅಂಚು ಕತ್ತರಿಸದೆ ಒದ್ದೆಗೆರೆ ಎಳೆದು ಹರಿದದ್ದು, ನಾರುಗಳು ಹೊರಚಾಚಿರಬೇಕು. ಅಂಟು ಗೋಧಿ ಪಿಷ್ಟದ ಗಂಜಿ, ಮಜ್ಜಿಗೆಯಷ್ಟು ತೆಳು. ಹಚ್ಚಿ, ಎರಡು ಬದಿಗೆ ಅಂಟಿಕೊಳ್ಳದ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಹೀರುಕಾಗದ, ಗಾಜು, ತೂಕ. ಹತ್ತು ನಿಮಿಷಕ್ಕೊಮ್ಮೆ ಹೀರುಕಾಗದ ಬದಲಿಸಿ. ಗಂಜಿ ಹೆಚ್ಚಾದರೆ ಒಣಗುವಾಗ ಸುತ್ತ ಕಾಗದ ಎಳೆದುಕೊಂಡು ಸುಕ್ಕಾಗುತ್ತದೆ, ಹೆಚ್ಚಿನವರು ಕೆಡಿಸುವುದು ಇಲ್ಲೇ.

ಸೆಲೊಟೇಪ್ ಹಚ್ಚಬೇಡಿ. ಮೊದಲೇ ಹಚ್ಚಿದ್ದರೆ ಎಳೆಯಬೇಡಿ, ಅಕ್ಷರ ಜೊತೆಗೇ ಬರುತ್ತದೆ. ಅದು ಸಂರಕ್ಷಣಾ ತಜ್ಞರ ಕೆಲಸ.

#16 ಮೂಲಪ್ರತಿ

ಲ್ಯಾಮಿನೇಟ್ ಆಗಿರುವ ಪ್ರತಿ ಅಗ್ಗಕ್ಕೆ ಬಂದರೆ?

#17 ಗಂಜಿಅಂಟು

ಎರಡು ಬಗೆ ಇವೆ. ಹಳೆಯದು, ತೆಳು ರೇಷ್ಮೆ ಬಲೆ ಅಂಟಿಸಿದ್ದು: ಅಕ್ಷರ ಮಸುಕಾಗಿ, ಮೇಲ್ಮೈ ಸೊಳ್ಳೆಪರದೆಯಂತೆ ಕಾಣುತ್ತದೆ. ತಜ್ಞರು ಬಿಡಿಸಬಲ್ಲರು. ಇನ್ನೊಂದು 1930ರ ದಶಕದಿಂದ ಬಂದದ್ದು, ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನು ಬಿಸಿಯಲ್ಲಿ ಒತ್ತಿದ್ದು. ಹಳತಾದಾಗ ಹುಳಿ ವಾಸನೆ ಬರುತ್ತದೆ. ಬಿಡಿಸುವ ಖರ್ಚು ಪತ್ರಿಕೆಯ ಬೆಲೆಯನ್ನೇ ಮೀರಬಹುದು. ಓದಲು ಬೇಕಾದರೆ ಕೊಳ್ಳಿ, ಮತ್ತೆ ಮಾರುವ ಲೆಕ್ಕ ಬೇಡ.

#18 ಕೆಂಪುಮುದ್ರೆ

ಕವರ್ ಯಾವುದು? ಪಾರದರ್ಶಕ ಪ್ಲಾಸ್ಟಿಕ್ ಎಲ್ಲ ಒಂದೇ ತರಹ ಕಾಣುತ್ತದೆ.

#19 ಗಂಜಿಅಂಟು

ಲೇಪವಿಲ್ಲದ ಪಾಲಿಯೆಸ್ಟರ್, ಮೆಲಿನೆಕ್ಸ್ 516 ತರಹದ್ದು, 75ರಿಂದ 100 ಮೈಕ್ರಾನ್ ದಪ್ಪ. ಪಿವಿಸಿ ಬೇಡ, ಬೆರಸಿದ ಎಣ್ಣೆ ಹೊರಬಂದು ಮಸಿ ಅದಕ್ಕೇ ಅಂಟುತ್ತದೆ. ಎರಡು ಅಂಚು ಮಾತ್ರ ಮುಚ್ಚಿದ ಕವರ್ ಒಳ್ಳೆಯದು, ಹಾಳೆಯನ್ನು ಜಾರಿಸದೆ ಮೇಲಿನಿಂದ ತೆರೆದು ಇಡಬಹುದು. ಹಿಂದೆ ಆಮ್ಲರಹಿತ ರಟ್ಟು. ಮಡಿಚಬೇಡಿ, ಚಪ್ಪಟೆಯಾಗಿ ಪೆಟ್ಟಿಗೆಯಲ್ಲಿ, ಒಂದರ ಮೇಲೊಂದು ಹತ್ತು ಹದಿನೈದಕ್ಕಿಂತ ಹೆಚ್ಚು ಬೇಡ. ತೇವಾಂಶ 35–50 ಶೇಕಡಾ, ದಿನದಿಂದ ದಿನಕ್ಕೆ ಏರಿಳಿಯಬಾರದು. 65 ದಾಟಿ ನಿಂತರೆ ಬೂಷ್ಟು, ಕಂದು ಚುಕ್ಕೆ. ಗೋಡೆಗೆ ತೂಗುಹಾಕಬೇಕೆಂದರೆ ಸ್ಕ್ಯಾನ್ ತೆಗೆದು ಅದನ್ನು ತೂಗುಹಾಕಿ. ಅಸಲನ್ನೇ ಹಾಕುವ ಹಟವಿದ್ದರೆ 50 ಲಕ್ಸ್ ಮೀರದ ಬೆಳಕು, ಮೂರು ತಿಂಗಳಿಗೆ ಕೆಳಗಿಳಿಸಿ. ಕೆಂಪು ಮುದ್ರೆಯಿರುವ ಎಲೆಗೆ ಇನ್ನೂ ಕಡಿಮೆ.

#20 ತಾರೀಖುದಾರ

ರಟ್ಟಿನ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದಿಡಿ: ಪತ್ರಿಕೆ, ಮುದ್ರಕ, ಊರು, ಸಂಚಿಕೆ ಸಂಖ್ಯೆ, ಹಾಳೆಯ ಅಳತೆ, ಸರಪಳಿ ಗೆರೆಗಳ ಅಂತರ, ಯಾವ ಪುಟದ ಯಾವ ಅಂಕಣದಲ್ಲಿ ಮುಖ್ಯ ಸುದ್ದಿ, ಕೊಂಡ ತಾರೀಖು. ಸಂಚಿಕೆ ಸಂಖ್ಯೆಯನ್ನು ಹಾಗೇ ನಂಬಬೇಡಿ, ಮುದ್ರಕರು ಅದನ್ನು ತಪ್ಪಾಗಿ ಜೋಡಿಸಿ ವಾರಗಟ್ಟಲೆ ತಪ್ಪನ್ನೇ ಮುಂದುವರಿಸಿದ್ದುಂಟು. ಅಚ್ಚಾದಂತೆಯೇ ಬರೆದು, ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ.

#21 ಮೂಲಪ್ರತಿ

ಸರಿ. 1776ರ ಆಗಸ್ಟ್ ಜೆಂಟಲ್‌ಮನ್ಸ್ ಮ್ಯಾಗಜೀನ್ ಒಂದು ಪಟ್ಟಿಯಲ್ಲಿದೆ, ಘೋಷಣೆ ಇರುವ ಎಲೆಗಳ ಚಿತ್ರ ಹಾಕಿಲ್ಲ.

#22 ಕೆಂಪುಮುದ್ರೆ

ಹಾಗಾದರೆ ಮೊದಲು ಆ ಎಲೆಗಳು ಇವೆಯೇ ಎಂದೇ ಕೇಳಿ. ಮ್ಯಾಗಜೀನ್‌ಗಳಿಂದ ಭೂಪಟ, ಚಿತ್ರ, ಹೆಸರಾದ ಪುಟ ಕಿತ್ತು ಬೇರೆಯಾಗಿ ಮಾರುವುದು ಹಳೆಯ ಚಾಳಿ. ಪುಟಸಂಖ್ಯೆ ತಿಂಗಳಿನಿಂದ ತಿಂಗಳಿಗೆ ವರ್ಷವಿಡೀ ಮುಂದುವರಿಯುತ್ತದೆ, ಆಗಸ್ಟ್‌ನ ಮೊದಲ ಮತ್ತು ಕೊನೆಯ ಸಂಖ್ಯೆ ಹಿಡಿದು ಎಣಿಸಿದರೆ ಖೋತಾ ಎಲ್ಲಿದೆ ಎಂದು ತಿಳಿಯುತ್ತದೆ.